ಚಿವುಟದೆ ಕವಲೊಡೆದ ಸೇವಂತಿಗೆ

ಶಿವನಂಜಮ್ಮನಿಗೆ ಯಾವುದನ್ನೂ ಸುಮ್ಮನೆ ನಂಬುವ ಅಭ್ಯಾಸವಿರಲಿಲ್ಲ. ಸೋಮನಾಥಪುರದ ಪಕ್ಕದ ತವರಿಗೆ ದೇವನೂರು ಕಡೆಯಿಂದ ಗಂಡಿನವರು ಅವಳನ್ನು ನೋಡಲು ಬಂದಾಗ, ಹುಡುಗನ ಕಾಲು ಕುಂಟು ಎಂದು ಯಾರೋ ಗಾಳಿಮಾತು ಹಬ್ಬಿಸಿದ್ದರು. ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಅವಳ ದನಿ ಕೇಳಿತು: “ಅವ್ರು ಒಂದ್ಸಲ ಎದ್ದು ಬಾಗ್ಲುಗಂಟ ನಡೀಲಿ, ನಾನು ನೋಡ್ಬೇಕು.” ಪುಟ್ಟಬಸವಯ್ಯ ಮುಖ ಕೆಂಪಗೆ ಮಾಡಿಕೊಂಡು ಬಾಗಿಲವರೆಗೆ ನಡೆದು ಬಂದ. ಕಾಲು ಸರಿಯಾಗಿಯೇ ಇತ್ತು. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೂ ಅವನು ನೆಂಟರ ಮುಂದೆ ಇದನ್ನು ಹೇಳಿಕೊಂಡು ನಗುತ್ತಿದ್ದ. ಹಾಲಿನವನ ಅಳತೆ, ಡಾಕ್ಟರ ಮಾತ್ರೆ, ಚುನಾವಣೆಗೆ ಬಂದವರ ಮಾತು, ಎಲ್ಲಕ್ಕೂ ಅವಳದೊಂದು ಅನುಮಾನ ಇದ್ದೇ ಇರುತ್ತಿತ್ತು. ಊರಿನವರಿಗೆ ಅದು ತಮಾಷೆ.

ಅವರ ಜಮೀನಿದ್ದದ್ದು ನಾಲೆಯ ಕೆಳಗೆ, ಒಂದೂವರೆ ಎಕರೆ. ಅದರಲ್ಲಿ ಅರ್ಧ ಸೇವಂತಿಗೆ. ಸೇವಂತಿಗೆ ಗಿಡ ಗೇಣುದ್ದ ಆಗುವಾಗ ಅದರ ತುದಿ ಕುಡಿಯನ್ನು ಉಗುರಿನಲ್ಲಿ ಚಿವುಟಬೇಕು. ಹಾಗೇ ಬಿಟ್ಟರೆ ಗಿಡ ಕಡ್ಡಿಯ ಹಾಗೆ ಮೇಲಕ್ಕೇ ಹೋಗುತ್ತದೆ. ಚಿವುಟಿದರೆ ಪಕ್ಕದಿಂದ ಕವಲೊಡೆದು ಹರಡಿಕೊಳ್ಳುತ್ತದೆ, ಕವಲು ಹೆಚ್ಚಿದಷ್ಟೂ ಹೂವು. ಸುತ್ತಮುತ್ತಲಿನ ಹೊಲಗಳಲ್ಲಿ ಈ ಕೆಲಸವೆಲ್ಲ ಹೆಂಗಸರದು. ಶಿವನಂಜಮ್ಮ ತನ್ನ ಹೊಲದ್ದು ಮುಗಿಸಿ, ಗೆಳತಿ ವೆಂಕಟಮ್ಮನನ್ನೂ ಇನ್ನಷ್ಟು ಹೆಂಗಸರನ್ನೂ ಕಟ್ಟಿಕೊಂಡು ಬೇರೆಯವರ ಹೊಲಕ್ಕೂ ಹೋಗುತ್ತಿದ್ದಳು. ಆ ದಿನಗಳಲ್ಲಿ ಊಟಕ್ಕೆ ಕೂತರೆ ಮುದ್ದೆಗೂ ಸೇವಂತಿಗೆ ಎಲೆಯ ಕಹಿ ವಾಸನೆ. ವೆಂಕಟಮ್ಮನಿಗೆ ಸ್ವಂತ ಭೂಮಿ ಇರಲಿಲ್ಲ. ಗಂಡ ಸತ್ತ ಮೇಲೆ ಕೂಲಿಯೇ ಆಧಾರ. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರೆ ಸಂಜೆಯವರೆಗೂ ಮಾತು ನಿಲ್ಲುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಬೆಂಗಳೂರಿನ ಒಂದು ಬೀಜದ ಕಂಪನಿಯವರು ಇವರ ಪಕ್ಕದ ಜಮೀನನ್ನು ಗುತ್ತಿಗೆಗೆ ಹಿಡಿದರು. ಜಮೀನು ನಂಜುಂಡಸ್ವಾಮಿಯದು. ನಂಜನಗೂಡಿನಲ್ಲಿ ಮಂಡಿ ಇಟ್ಟುಕೊಂಡಿದ್ದ ಅನುಕೂಲಸ್ಥ ಆತ. ತಿಂಗಳೊಪ್ಪತ್ತಿನಲ್ಲಿ ಸುತ್ತ ತಂತಿ ಬೇಲಿ ಬಂತು, ಬೇಲಿಗೆ ಆಳೆತ್ತರದ ಹಸಿರು ಬಲೆ ಬಂತು, ಗೇಟಿಗೆ ಬೀಗ ಬಂತು. ಅಪ್ಪಣೆಯಿಲ್ಲದೆ ಒಳಗೆ ಬರಬಾರದು ಎಂಬ ಬೋರ್ಡು ಬಂತು. ಕಂಪನಿಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅದರ ಹಿಂದಿನ ವರ್ಷ ಬೇರೆ ಜಿಲ್ಲೆಗಳಲ್ಲಿ ರೈತರು ಹತ್ತಿ ಹೊಲಕ್ಕೆ ಬೆಂಕಿ ಇಟ್ಟ ಸುದ್ದಿ ಪೇಪರಿನಲ್ಲಿ ಬಂದಿತ್ತು. ಹೊಸ ಬೀಜದ ಗಿಡ ಬೆಳೆದರೆ ಪಕ್ಕದ ಹೊಲದ ಬೀಜ ಮೊಳೆಯುವುದಿಲ್ಲವಂತೆ ಎಂಬ ಮಾತು ಟೀ ಅಂಗಡಿಯಲ್ಲಿ ಓಡಾಡುತ್ತಿತ್ತು. ಬಲೆಯ ಹಿಂದೆ ಏನು ನಡೆಯುತ್ತದೆ ಎಂದು ಕೇಳಿದರೆ ನಂಜುಂಡಸ್ವಾಮಿ, “ಊವಿನ ಗಿಡ ಕಣ್ರಯ್ಯ, ಊವು,” ಎಂದು ನಗುತ್ತಿದ್ದ.

ಉಸ್ತುವಾರಿಗೆ ಬಂದವನು ಮಧುಕುಮಾರ್, ತಿ. ನರಸೀಪುರದ ಕಡೆಯ ಒಕ್ಕಲು ಮನೆತನದ ಹುಡುಗ, ಕೃಷಿ ಓದಿದವನು. ಸೇವಂತಿಗೆ ಕೆಲಸ ಬಲ್ಲ ಹೆಂಗಸರು ಬೇಕು ಎಂದು ನೆಟ್ಟಗೆ ಶಿವನಂಜಮ್ಮನ ಮನೆಗೇ ಬಂದ. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದ. ನಿಮ್ಮ ತವರು ನಮ್ಮೂರಿನ ಪಕ್ಕವೇ ಅಲ್ಲವೇ ಅಮ್ಮ ಎಂದ. ಅಷ್ಟು ಮೆತ್ತಗೆ ಮಾತಾಡುವವನ ಮೇಲೆ ಶಿವನಂಜಮ್ಮನಿಗೆ ಅನುಮಾನ ಬಾರದೆ ಇರುವುದಾದರೂ ಹೇಗೆ? ಆದರೂ ಕೆಲಸಕ್ಕೆ ಒಪ್ಪಿದಳು. ಬಲೆಯ ಆಚೆ ಏನಿದೆ ಎಂದು ನೋಡಬೇಕಿತ್ತು.

ಅಲ್ಲಿನ ಕಟ್ಟುಪಾಡು ವಿಚಿತ್ರವಾಗಿತ್ತು. ಹೊರಗೆ ಬರುವಾಗ ಸೀರೆ ಕೊಡವಬೇಕು. ಕಿತ್ತ ಕಡ್ಡಿ, ಉದುರಿದ ಎಲೆ, ಎಲ್ಲವನ್ನೂ ಒಳಗಿನ ಗುಂಡಿಗೇ ಹಾಕಿ ಸುಡಬೇಕು. ಮೊಗ್ಗಿಗೆ ಬಣ್ಣ ತಿರುಗುತ್ತಿದ್ದ ಹಾಗೆ ಮಧುಕುಮಾರ್ ಎಣಿಸಿ ಬರೆದುಕೊಳ್ಳುತ್ತಿದ್ದ. ಅವನು ಬರೆದುಕೊಂಡ ಮೇಲೆ ಹೆಂಗಸರು ಆ ಮೊಗ್ಗನ್ನೆಲ್ಲ ಕಿತ್ತು ಗುಂಡಿಗೆ ಹಾಕಬೇಕು, ಒಂದೂ ಅರಳಬಾರದು.

“ಊವಿನ ಗಿಡ ಬೆಳ್ಸಿ ಊವು ಅರಳಕ್ಕೆ ಬುಡಕ್ಕಿಲ್ವಲ್ಲ ಅಕ್ಕ, ಇದೆಂತಾ ಬೇಸಾಯ?” ಎಂದಳು ವೆಂಕಟಮ್ಮ.

ಶಿವನಂಜಮ್ಮನ ತಲೆ ತಿನ್ನುತ್ತಿದ್ದದ್ದು ಬೇರೆ. ಅಲ್ಲಿ ಯಾರಿಗೂ ಕುಡಿ ಚಿವುಟುವ ಕೆಲಸ ಹೇಳಿರಲಿಲ್ಲ. ಆದರೂ ಗಿಡಗಳು ಬುಡದಿಂದಲೇ ಕವಲೊಡೆದು ಬುಟ್ಟಿ ಕವುಚಿದ ಹಾಗೆ ಕೂತಿದ್ದವು. ಬೇರೆ ಸೇವಂತಿಗೆಯಲ್ಲಿ ಕೆಳಗಿನ ಎಲೆ ಹಳದಿಯಾಗಿ ಉದುರುವ ಕಾಲಕ್ಕೂ ಇದರ ಎಲೆ ಕಡು ಹಸಿರು. ಒಂದು ಮಧ್ಯಾಹ್ನ ಅವಳು ಕೇಳಿಯೇಬಿಟ್ಟಳು.

“ಸಾ, ಇದ್ಕೆ ಏನ್ ಔಸ್ದಿ ಒಡ್ದಿದ್ದೀರಿ?”

“ಔಷಧಿ ಏನಿಲ್ಲಮ್ಮ. ಗಿಡದ ತುದೀಲಿ ಒಂದು ರಸ ಇರ್ತದೆ, ಹಾರ್ಮೋನು ಅಂತೀವಿ. ಅದು ಪಕ್ಕದ ಚಿಗುರು ಏಳದ ಹಾಗೆ ತಡೀತದೆ. ನೀವು ತುದಿ ಚಿವುಟಿದ್ರೆ ತಡೆ ಹೋಗ್ತದೆ, ಕವಲು ಬರ್ತದೆ. ಪಕ್ಕದ ಚಿಗುರನ್ನ ಎಬ್ಬಿಸೋ ಇನ್ನೊಂದು ಹಾರ್ಮೋನಿದೆ. ಈ ಗಿಡ ಅದನ್ನ ಜಾಸ್ತಿ ಮಾಡ್ಕೊಳ್ಳೋ ಹಾಗೆ ಮಾಡಿದ್ದೀವಿ, ಅಷ್ಟೇ. ಹೂವೂ ಬೇಗ ಬರಬೇಕು ಅಂತ ಲೆಕ್ಕಾಚಾರ.”

“ಮಾಡಿದ್ದೀವಿ ಅಂದ್ರೆ? ಎಲ್ಲಿ ಮಾಡಿದ್ದೀರಿ?”

“ಗಿಡದ ಒಳಗೇ. ಅದರ ವಂಶದಲ್ಲೇ.”

“ಅಂಗಾದ್ರೆ ಇದ್ರ ಬುಡ್ದಲ್ಲಿ ಏಳೋ ಮರೀಗೂ ಬತ್ತದಾ?”

“ಬರ್ತದೆ,” ಎಂದ ಮಧುಕುಮಾರ್. ಇಷ್ಟನ್ನೂ ಹೇಳಬಾರದಿತ್ತೇನೋ ಅನ್ನುವ ಹಾಗೆ ಎದ್ದು ಪಂಪ್‌ಸೆಟ್ಟಿನ ಕಡೆಗೆ ಹೋದ.

ಮಳೆಗಾಲ ಕಳೆದು ಬೆಂಗಳೂರಿನಿಂದ ದೊಡ್ಡ ಸಾಹೇಬರೊಬ್ಬರು ಬಂದರು. ಪಾತಿ ಪಾತಿ ಸುತ್ತಿ ಗಿಡ ಎಣಿಸಿದರು. ಹಿಂದಿನ ಮೂಲೆಯ ಒಂದು ಪಾತಿಯಲ್ಲಿ ಗಿಡಗಳನ್ನು ಬೇರುಸಹಿತ ಅಗೆದು ಒಯ್ದ ಗುಂಡಿಗಳು ಕಂಡವು. ಸಾಹೇಬರ ಮುಖ ಬಿಗಿಯಿತು. ಬೀಗ ಇರುವ ಜಾಗ, ಒಳಗಿನವರೇ ಕದ್ದಿರಬೇಕು ಎಂದರು. ಮಧುಕುಮಾರ್ ನೆಲ ನೋಡುತ್ತ ನಿಂತಿದ್ದ. ಹೆಂಗಸರನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಿದರು.

ಶಿವನಂಜಮ್ಮನಿಗೆ ಹಿಂದಿನ ವಾರ ಕಂಡದ್ದು ನೆನಪಾಯಿತು. ವೆಂಕಟಮ್ಮ ಗೇಟಿನಿಂದ ಹೊರಗೆ ಬರುವಾಗ ಅವಳ ಮಡಿಲು ಉಬ್ಬಿತ್ತು, ಸೀರೆ ಕೊಡವದೆ ಸರಸರನೆ ಹೋಗಿದ್ದಳು. ಆಗಲೇ ಶಿವನಂಜಮ್ಮನ ಮನಸ್ಸಿನಲ್ಲಿ ಒಂದು ಮುಳ್ಳು ಆಡಿತ್ತು. ಈಗ ಸಾಹೇಬರು ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟಳು.

“ಒನಗೊನೆ ಸೊಪ್ಪು ಕಣಕ್ಕ! ಬದುವಿನ ಮ್ಯಾಲೆ ಕುಯ್ದಿದ್ದು. ಸಾರಿಗೆ ಅಂತ ಕುಯ್ಕಂಡೆ. ಏನೂ ಆಚ್ಗೆ ತಕ್ಕಂಡೋಗ್ಬ್ಯಾಡಿ ಅಂದಿದ್ರಲ್ಲ, ಅದ್ಕೇ ಮುಚ್ಕಂಡೋದೆ,” ಎಂದಳು ವೆಂಕಟಮ್ಮ. ಅವಳು ಸಾಹೇಬರ ಕಡೆ ನೋಡಲೇ ಇಲ್ಲ. ಮಾತೆಲ್ಲ ಶಿವನಂಜಮ್ಮನಿಗೇ. “ನೀನೂ ನಂಬಕ್ಕಿಲ್ವಾ?”

ಶಿವನಂಜಮ್ಮ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದಳು. ವೆಂಕಟಮ್ಮನನ್ನು ಅವತ್ತೇ ಕೆಲಸದಿಂದ ತೆಗೆದರು. ಕಳ್ಳಿ ಎಂಬ ಹೆಸರು ಊರೆಲ್ಲ ಹರಡಿತು. ಬೇರೆ ಹೊಲದವರೂ ಕರೆಯುವುದನ್ನು ನಿಲ್ಲಿಸಿದರು. ಸಂಕ್ರಾಂತಿಗೆ ಮುಂಚೆಯೇ ಅವಳು ಮನೆಗೆ ಬೀಗ ಹಾಕಿ ತಿ. ನರಸೀಪುರದ ಮಗಳ ಮನೆಗೆ ಹೊರಟುಹೋದಳು. ಬಸ್ಸಿನ ತನಕ ಯಾರೂ ಹೋಗಲಿಲ್ಲ.

ಅದಾದ ಕೆಲವು ದಿನಕ್ಕೆ ಮಧುಕುಮಾರ್ ಶಿವನಂಜಮ್ಮನ ಮನೆಗೆ ಪ್ಲಾಸ್ಟಿಕ್ ಚೀಲದ ಸಸಿಗಳನ್ನು ತಂದ. “ಬೆಂಗಳೂರಿನ ನರ್ಸರಿಯದಮ್ಮ, ಒಳ್ಳೆ ಜಾತಿ. ನೀವು ನಂಬಿಕಸ್ಥರು, ಇಟ್ಕೊಳ್ಳಿ,” ಎಂದ. ಪುಟ್ಟಬಸವಯ್ಯ ಖುಷಿಯಾಗಿ ಇಳಿಸಿಕೊಂಡ. ಶಿವನಂಜಮ್ಮ ಸಸಿ ಮೂಸಿದಳು, ಎಲೆ ತಿರುಗಿಸಿದಳು. ಚಿಕ್ಕ ಸಸಿ, ಎಲ್ಲ ಸೇವಂತಿಗೆಯ ಹಾಗೇ ಇತ್ತು. ಬೇಲಿ ಪಕ್ಕದ ಸಾಲುಗಳಲ್ಲಿ ಗಂಡ ಹೆಂಡತಿ ನೆಟ್ಟರು. ಸಸಿ ಬಲಿತ ಮೇಲೆ ಅದರ ಕಡ್ಡಿಗಳನ್ನು ಬೇರು ಬರಿಸಿ, ಹೊಲದಲ್ಲಿ ಸತ್ತ ಗಿಡಗಳ ಜಾಗಕ್ಕೆ ಅಲ್ಲಲ್ಲಿ ಊರಿದರು. ಬಹಳ ಕಡ್ಡಿಗಳು ಬೇರು ಹಿಡಿಯದೆ ಒಣಗಿದವು, ಕೆಲವು ಹಿಡಿದವು.

ಬೇಸಿಗೆಯಲ್ಲಿ ಅವಳು ಎಂದಿನ ಹಾಗೆ ತನ್ನ ಹೊಲದ ಕುಡಿ ಚಿವುಟಲು ಇಳಿದಳು. ಬೇಲಿ ಪಕ್ಕದ ಸಾಲುಗಳನ್ನು ಮುಗಿಸಿ ಮೂಲೆಗೆ ಬಂದಿದ್ದಳು. ಮಧುಕುಮಾರ್ ಗೇಟು ಹಾಕದೆಯೇ ಓಡಿ ಬಂದ.

“ಏನ್ ಮಾಡ್ಬಿಟ್ರಿ ಅಮ್ಮ! ಇವನ್ನ ಯಾಕೆ ಚಿವುಟಿದ್ರಿ? ಯಾರು ಹೇಳಿದ್ರು ಚಿವುಟಕ್ಕೆ?”

ಅವನು ಹಾಗೆ ಕೂಗಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಕೈಯಲ್ಲಿದ್ದ ಕುಡಿ ಹಾಗೇ ಉಳಿಯಿತು. “ನಮ್ಮೊಲದ ಗಿಡ, ಸಾ. ಸೇವಂತ್ಗೆ ಚಿವುಟ್ದೆ ಇನ್ನೇನ್ ಮಾಡ್ಲಿ?”

ಅವನು ತಕ್ಷಣ ದನಿ ಇಳಿಸಿದ. “ಹಾಗಲ್ಲ... ಈ ಜಾತಿಗೆ ಬೇಕಾಗಿಲ್ಲ ಅಂತ. ಈ ಮೂಲೇದಷ್ಟನ್ನಾದ್ರೂ ಬಿಡಿ, ನೋಡೋಣ,” ಎಂದು ಹೊರಟುಹೋದ.

ಅವಳು ಮೂಲೆಯ ಗಿಡಗಳನ್ನು ಬಿಟ್ಟಳು. ಅವನು ಕೇಳಿದ ಎಂದು ಬಿಡಲಿಲ್ಲ, ತಾನೂ ನೋಡಬೇಕು ಎಂದು ಬಿಟ್ಟಳು. ತನ್ನ ಹೊಲದಲ್ಲಿ ತಾನು ಏನು ಚಿವುಟಿದರೆ ಇವನಿಗೇನು? ಗಂಡನಿಗೆ ಹೇಳಿದರೆ, “ನಿಂಗೆ ದೇವ್ರ ತೀರ್ಥದ ಮ್ಯಾಲೂ ಅನ್ಮಾನ ಕಣಮ್ಮಿ,” ಎಂದು ನಕ್ಕುಬಿಟ್ಟ. ಅವಳು ದಿನಾ ಬೆಳಿಗ್ಗೆ ಮೂಲೆಗೆ ಹೋಗಿ ನೋಡುತ್ತಿದ್ದಳು, ಆಮೇಲೆ ಬಲೆಯ ಒಳಗೆ ಕೆಲಸಕ್ಕೆ ಹೋಗಿ ಅಲ್ಲಿನದನ್ನು ನೋಡುತ್ತಿದ್ದಳು. ಮೂಲೆಯ ಗಿಡಗಳು ಯಾರ ಕೈಯೂ ತಾಗದೆ ಬುಡದಿಂದ ಕವಲೊಡೆದವು. ಬುಟ್ಟಿ ಕವುಚಿದ ಹಾಗೆ ಕೂತವು. ಕೆಳಗಿನ ಎಲೆ ಹಸಿರಾಗಿಯೇ ಉಳಿಯಿತು. ಮಧುಕುಮಾರ್ ಬದುವಿನ ಮೇಲೆ ಅಡ್ಡಾಡುವವನ ಹಾಗೆ ಬಂದು ಆ ಮೂಲೆಯಲ್ಲಿ ಮಾತ್ರ ನಿಲ್ಲುವುದನ್ನೂ ಅವಳು ಕಂಡಳು. ಆದರೂ ಬಾಯಿ ಬಿಡಲಿಲ್ಲ. ವೆಂಕಟಮ್ಮನ ವಿಷಯದಲ್ಲಿ ಬಾಯಿ ಬಿಟ್ಟದ್ದು ಎದೆಯಲ್ಲಿ ಕೂತಿತ್ತು.

ಆಷಾಢ ಮುಗಿಯುವ ಹೊತ್ತಿಗೆ ಬಲೆಯ ಒಳಗೆ ಮೊಗ್ಗು ಬಣ್ಣ ತಿರುಗಿತು. ಅದೇ ವಾರ ಅವಳ ಹೊಲದ ಬೇಲಿ ಪಕ್ಕದ ಸಾಲುಗಳಲ್ಲೂ ಮೊಗ್ಗು. ಉಳಿದ ಹೊಲ ಇನ್ನೂ ಎಳೆ ಹಸಿರು. ಅದು ದಸರಾ ಹೊತ್ತಿಗೆ ಬರುವ ಹೂವು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೇವಂತಿಗೆ! ಪುಟ್ಟಬಸವಯ್ಯನ ಸಂಭ್ರಮ ಹೇಳತೀರದು. ಅವಳು ಹೂಂ ಅನ್ನುವ ಮೊದಲೇ ಬುಟ್ಟಿ ತುಂಬಿ ನಂಜನಗೂಡಿಗೆ ಒಯ್ದ. ಸಂತೆಯಲ್ಲಿ ಜನ ಮುಗಿಬಿದ್ದು ಕೊಂಡರಂತೆ. ಮನೆಗೆಂದು ಉಳಿಸಿದ್ದ ಹೂವಿನಲ್ಲಿ ಒಂದನ್ನು ಕಿತ್ತು ತಾನೇ ಅವಳ ಮುಡಿಗೆ ಸಿಕ್ಕಿಸಿದ. ಹೂವು ಚಿಕ್ಕದಾಗಿತ್ತು, ಆದರೆ ಗಟ್ಟಿ. ವಾಸನೆ ಕಡಿಮೆ.

ಅವಳು ಬೆಳಿಗ್ಗೆ ಎದ್ದವಳು ಮುಡಿಯ ಹೂವನ್ನು ತೆಗೆದು ನೋಡಿದಳು. ಬಾಡಿರಲಿಲ್ಲ. ಹೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನೇರವಾಗಿ ಮಧುಕುಮಾರ್ ಇದ್ದ ಪಂಪ್‌ಸೆಟ್ ಮನೆಗೆ ಹೋದಳು.

“ಆ ಪಾತೀಲಿ ಕಳ್ದೋಗಿದ್ದ ಗಿಡ ನಮ್ಮೊಲ್ದಲ್ಲಿ ಅವೆ, ಅಲ್ವಾ ಸಾ?”

ಮಧುಕುಮಾರ್ ಮೊದಲು ನಗಲು ನೋಡಿದ. ಅವಳು ಸೆರಗು ಬಿಚ್ಚಿ ಹೂವನ್ನು ಮೇಜಿನ ಮೇಲಿಟ್ಟಾಗ ನಗು ನಿಂತಿತು.

“ನೀವೇ ಕಿತ್ತು, ಮರಿ ಬಿಡ್ಸಿ ತಂದ್ಕೊಟ್ಟಿದ್ದು.”

ಅವನು ಎದ್ದು ಬಾಗಿಲು ಮುಂದೆ ಮಾಡಿದ. ಆಮೇಲೆ, “ಬೇಲಿ ಒಳಗೆ ಒಳ್ಳೆ ಗೊಬ್ಬರ, ಹೊತ್ತಿಗೆ ಸರಿಯಾಗಿ ನೀರು. ಅಲ್ಲಿ ಏನ್ ಹಾಕಿದ್ರೂ ಬರ್ತದೆ. ರೈತನ ಹೊಲದಲ್ಲಿ ಹೆಂಗೆ ಬರ್ತದೆ ಅಂತ ನೋಡ್ಬೇಕಿತ್ತಮ್ಮ. ಅದಕ್ಕೆ ಪರ್ಮಿಷನ್ ಅಂತ ಕೂತ್ರೆ ವರ್ಷಗಟ್ಟಲೆ. ನಿಮಗೇನೂ ತೊಂದ್ರೆ ಇಲ್ಲ. ಇದ್ರಲ್ಲೇನ್ ವಿಷ ಇಲ್ಲ,” ಎಂದ.

“ವಿಸ ಇಲ್ದಿದ್ರೆ ಬೇಲಿ ಯಾಕೆ?”

ಅವನು ಮೇಜಿನ ಮೇಲಿದ್ದ ಹೂವನ್ನು ಪಕ್ಕಕ್ಕೆ ಸರಿಸಿದ.

“ಕಂಪ್ನಿಯೋರು ಯೋಳಿದ್ರಾ, ಇಲ್ಲಾ ನೀವಾಗೇ ಮಾಡಿದ್ರಾ?”

ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

“ವೆಂಕಟಮ್ಮನ್ನ ಕಳ್ಳಿ ಅಂದಾಗ ನೀವು ಅಲ್ಲೇ ನಿಂತಿದ್ರಲ್ಲ ಸಾ,” ಎಂದಳು ಶಿವನಂಜಮ್ಮ.  ಅವನು ನಿಂತಿದ್ದದ್ದು ನಿಜ. ಹೇಳಿದ್ದು ತಾನು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿ, ಹೊಲ ಕಿತ್ತುಹಾಕಬೇಕು ಎಂದಳು. ಪುಟ್ಟಬಸವಯ್ಯ ನಗಲಿಲ್ಲ ಈ ಸಲ.

“ಆ ಸಾಲು ಕೀಳು, ಬ್ಯಾಡ ಅನ್ನಕ್ಕಿಲ್ಲ. ಇಡೀ ಒಲ ಯಾಕಮ್ಮಿ? ದಸರಕ್ಕೆ ಊವು ಬತ್ತದೆ.”

“ಸತ್ತ ಗಿಡದ ಜಾಗ್ಕೆಲ್ಲ ಅದ್ರ ಕಡ್ಡೀನೇ ಊರಿದ್ದೀವಲ್ಲ. ಅವು ಇನ್ನೂ ಎಳೇವು, ಮೊಗ್ಗಿಲ್ಲ, ಅದ್ರ ಮ್ಯಾಲೆ ಎಲ್ಲಾನೂ ಚಿವುಟ್ಬುಟ್ಟಿದ್ದೀನಿ. ಕಡ್ಡಿದು ಯಾವ್ದು, ನಮ್ದು ಯಾವ್ದು, ನೀವು ಯೋಳಿ. ನೆಲದೊಳ್ಗೆ ಎಲ್ಲದ್ರ ಮರೀನೂ ಬೆರ್ತೋಗವೆ. ಮುಂದಿನ್ ವರ್ಸ ಜನ ಮರಿ ಕೇಳ್ಕಂಡು ಬತ್ತಾರೆ. ಏನಂತ ಕೊಡದು?”

“ಬಂದು ಕೇಳ್ದೋರ್ಗೆ ಇಲ್ಲ ಅಂದ್ರಾಯ್ತು.”

“ಬೇಲಿ ಆಕಿ, ಬೀಗ ಆಕಿ ಇಟ್ಟಿದ್ದೇ ಆಚ್ಗೆ ಬಂತು.”

ಅವನು ಎದ್ದು ಹೊರಟ. 

ಬೆಳಗಾಗುತ್ತಲೇ ಅವಳು ಗುದ್ದಲಿ ಹಿಡಿದು ಹೊಲಕ್ಕೆ ಹೋಗಿ ಬೇಲಿ ಪಕ್ಕದ ಸಾಲಿನಿಂದ ಶುರು ಮಾಡಿದಳು. ಆ ಗಿಡಗಳಿಗೆ ಗುದ್ದಲಿಯೇ ಬೇಕಾಗಲಿಲ್ಲ. ಅಷ್ಟು ಕವಲು, ಅಷ್ಟು ಹೂವು ಹೊತ್ತ ಗಿಡದ ಬೇರು ಅಂಗೈಯಗಲವೂ ಇರಲಿಲ್ಲ, ಕೈಯಲ್ಲಿ ಹಿಡಿದೆಳೆದರೆ ಬರುತ್ತಿತ್ತು. ಜೋರು ಮಳೆಗಾಳಿ ಬಂದಿದ್ದರೆ ತಾವೇ ಮಲಗುತ್ತಿದ್ದವೇನೋ. ಹಳೆಯ ಗಿಡಗಳು ಮಾತ್ರ ನೆಲ ಬಿಡಲು ಒಪ್ಪಲಿಲ್ಲ. ಅವುಗಳನ್ನು ಕೀಳುವಾಗ ಅವಳು ಅತ್ತಳು. ಬಿಸಿಲೇರುವ ಹೊತ್ತಿಗೆ ಹೊಲದ ಆ ಕೊನೆಯಲ್ಲಿ ಇನ್ನೊಂದು ಗುದ್ದಲಿಯ ಸದ್ದು ಕೇಳಿತು. ಪುಟ್ಟಬಸವಯ್ಯ ಬಂದು, ಇವಳ ಕಡೆ ನೋಡದೆ, ಆ ಕಡೆಯಿಂದ ಅಗೆಯುತ್ತ ಬರುತ್ತಿದ್ದ. ಕಿತ್ತದ್ದನ್ನೆಲ್ಲ ಒಣಗಿಸಿ ಅಲ್ಲೇ ಸುಟ್ಟರು. ಹೊಗೆ ನೋಡಿ ಜನ ಬಂದರು. ದಸರಾ ಹೂವನ್ನು ಸುಡುವ ಹುಚ್ಚರು ಎಂದು ಕೆಲವರು ಅಂದರು. ಶಿವನಂಜಮ್ಮ ಬಂದವರಿಗೆಲ್ಲ ನಡೆದದ್ದನ್ನು ಹೇಳಿದಳು, ವೆಂಕಟಮ್ಮ ಕದ್ದಿಲ್ಲ ಎನ್ನುವುದನ್ನು ಮೊದಲು ಹೇಳಿದಳು. ಸುದ್ದಿ ತಾಲ್ಲೂಕಿಗೆ ಹಬ್ಬಿ, ರೈತ ಸಂಘದ ಕೆಲವರು ಬೇಲಿ ಕಿತ್ತುಹಾಕಲು ಬರುತ್ತಾರೆ ಎನ್ನುವಷ್ಟರಲ್ಲಿ ಕಂಪನಿಯವರೇ ಲಾರಿ ತಂದು ಬಲೆ, ತಂತಿ, ಕಂಬ ಎಲ್ಲ ತುಂಬಿಕೊಂಡರು. ಗಿಡಗಳನ್ನು ಗುಂಡಿಯಲ್ಲಿ ಸುಟ್ಟು ಮುಚ್ಚಿದರು. ಪರೀಕ್ಷೆ ಮುಗಿಯಿತಂತೆ ಎಂದ ನಂಜುಂಡಸ್ವಾಮಿ. ಆ ವರ್ಷ ಆ ಜಮೀನಿಗೆ ಅವನು ಭತ್ತ ಹಾಕಿದ. ಮಧುಕುಮಾರ್ ಎಲ್ಲಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ.

ದಸರಾ ಕಳೆದ ಮೇಲೆ ಶಿವನಂಜಮ್ಮ ತಿ. ನರಸೀಪುರದ ಬಸ್ಸು ಹತ್ತಿದಳು. ವೆಂಕಟಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿಚೀಲ ಹಾಸಿಕೊಂಡು ಹೂವು ಕಟ್ಟುತ್ತಿದ್ದಳು. ನೋಡಿದಳು, ಕಟ್ಟುವುದನ್ನು ನಿಲ್ಲಿಸಲಿಲ್ಲ.

ಶಿವನಂಜಮ್ಮ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ, “ನೀನು ಕದ್ದಿರ್ನಿಲ್ಲ ಕಣೆ,” ಎಂದಳು.

“ಕದ್ದಿಲ್ಲ ಅಂತ ನಂಗೆ ಗೊತ್ತಿರ್ನಿಲ್ವಾ? ಅದ್ನ ಯೋಳಕ್ಕೆ ಬಸ್ಸತ್ತಿ ಬಂದ್ಯಾ?”

ಗಿರಾಕಿ ಒಬ್ಬಳು ಬಂದು ಮೊಳ ಹೂವು ತೆಗೆದುಕೊಂಡು ಹೋದಳು. ಆಮೇಲೆ ವೆಂಕಟಮ್ಮನೇ ಕೇಳಿದಳು: “ಆ ಊವ ನೀನು ಮುಡ್ದಿದ್ಯಾ?”

“ಮುಡ್ದಿದ್ದೆ.”

“ಏನಾರ ಆಯ್ತಾ?”

“ಇದುವರ್ಗೂ ಏನಿಲ್ಲ. ಅದೂ ನಂಗೆ ಅನ್ಮಾನವೇ.”

ವೆಂಕಟಮ್ಮನ ತುಟಿ ಸ್ವಲ್ಪ ಸಡಿಲವಾಯಿತು, ನಗಲಿಲ್ಲ. “ಬಿಸ್ಲಲ್ಲಿ ಕೂತಿದ್ದೀಯ, ಈ ಕಡೆ ಬಾ,” ಎಂದು ಗೋಣಿಚೀಲದ ತುದಿ ಬಿಟ್ಟುಕೊಟ್ಟಳು. ಊರಿಗೆ ಬಾ ಎಂದು ಎಷ್ಟು ಕರೆದರೂ ಒಪ್ಪಲಿಲ್ಲ. ಕಳ್ಳಿ ಅಂದ ಬೀದಿಯಲ್ಲಿ ಮತ್ತೆ ನೀರು ಹಿಡಿಯಲಾರೆ ಎಂದಳು. ಎರಡು ವರ್ಷ ಬಿಟ್ಟು ಕುಡಿ ಚಿವುಟುವ ಕಾಲಕ್ಕೆ ಒಮ್ಮೆ ಬಂದಳು, ನರಸೀಪುರದ ಕೂಲಿ ಹೆಂಗಸರ ಜೊತೆ. ಶಿವನಂಜಮ್ಮನ ಹೊಲದಲ್ಲಿ ಆಗ ತವರಿನಿಂದ ತಂದ ಮರಿಗಳ ಸೇವಂತಿಗೆ. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಮಾತು ಬಂತು, ಮೊದಲಿನಷ್ಟಲ್ಲ. ಸಂಜೆ ಬಸ್ಸಿಗೆ ಅವಳು ವಾಪಸು ಹೋದಳು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹಾಗೇ ಬಂದು ಹಾಗೇ ಹೋಗುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಶಿವನಂಜಮ್ಮ ತಂಗಿಯ ಮನೆಗೆಂದು ಹೋದವಳು, ನರಸೀಪುರದಲ್ಲಿ ಬೇವಿನ ಹಿಂಡಿ ಕೊಳ್ಳಲು ಒಂದು ಗೊಬ್ಬರದಂಗಡಿಗೆ ಹೋದಳು. ಗಲ್ಲಾದಲ್ಲಿ ಮಧುಕುಮಾರ್ ಕೂತಿದ್ದ. ತಲೆ ಅರ್ಧ ಬೋಳಾಗಿತ್ತು. ಎದ್ದು ನಿಂತು, “ಅಮ್ಮ, ಚೆನ್ನಾಗಿದ್ದೀರಾ?” ಎಂದ. ಕುರ್ಚಿ ಹಾಕಿಸಿದ. ಅವಳು ಕೂರಲಿಲ್ಲ.

“ಆ ಗಿಡ ನಮ್ಗೆ ಕೊಡಿ ಅಂತ ಅವತ್ತು ನಿಮ್ಗೆ ಯಾರು ಯೋಳಿದ್ರು ಸಾ?”

ಅವನು ಅಂಗಡಿಯಲ್ಲಿದ್ದ ಗಿರಾಕಿ ಹೋಗುವ ತನಕ ಕಾದ. “ಯಾರೂ ಹೇಳಿರ್ಲಿಲ್ಲಮ್ಮ. ನಾನೇ ಮಾಡಿದ್ದು. ಕೆಲ್ಸಾನೂ ಅದ್ರಿಂದ್ಲೇ ಹೋಯ್ತು. ವೆಂಕಟಮ್ಮೋರು ಬಸ್‌ಸ್ಟ್ಯಾಂಡಲ್ಲಿ ಕೂತಿರೋದು ದಿನಾ ನೋಡ್ತೀನಿ. ಮಾತಾಡ್ಸಕ್ಕೆ ಧೈರ್ಯ ಬಂದಿಲ್ಲ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹೇಳಿಕೊಟ್ಟ ಮಾತೋ, ಮನಸ್ಸಿನ ಮಾತೋ ಗೊತ್ತಾಗಲಿಲ್ಲ. ಒಬ್ಬನೇ ಒಬ್ಬ ಹುಡುಗ, ಸಂಬಳದವನು, ತನ್ನಷ್ಟಕ್ಕೆ ಇಷ್ಟೆಲ್ಲ ಮಾಡಿಯಾನೇ?

“ಇಲ್ಲಿಂದ ಬಸ್‌ಸ್ಟ್ಯಾಂಡು ಎಷ್ಟು ದೂರ? ಓಗಿ ಅವಳ್ಗೇ ಯೋಳಿ, ನಂಗಲ್ಲ,” ಎಂದಳು.

ಅವನು ಹೂಂ ಅಂದ. ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಲಿಲ್ಲ. ಬೇವಿನ ಹಿಂಡಿಯನ್ನು ಪಕ್ಕದ ಅಂಗಡಿಯಲ್ಲಿ ಕೊಂಡು, ತಂಗಿಯ ಊರಿನ ಬಸ್ಸಿಗೆ ಹೋಗಿ ಕೂತಳು.